ಮೂರು ಬೆರಳಿನ ಕಥೆ

2014ರ ಜೂನ್ ತಿಂಗಳ ಮೊದಲ ದಿನಗಳು. ಥಾಯ್ಲೆಂಡಿನಲ್ಲಿ ಸೇನಾಪತಿ ಪ್ರಯುತ್ ಚಾನ್ ಓಚಾ ಸರ್ಕಾರವನ್ನು ಕಿತ್ತೊಗೆದು ಅಧಿಕಾರ ಹಿಡಿದು ಇನ್ನೂ ಎರಡು ವಾರ ತುಂಬಿರಲಿಲ್ಲ. ರಾಜಕೀಯ ಮಾತನಾಡಲು ನಾಲ್ಕಾರು ಜನ ಒಂದೆಡೆ ಸೇರುವುದೂ ಅಪರಾಧ ಎಂದು ಆಜ್ಞೆಯಾಗಿತ್ತು. ಆಗ ಬ್ಯಾಂಕಾಕಿನ ಜನನಿಬಿಡ ಮಾಲ್ ಒಂದರ ಬಳಿ ಕೆಲವರು ಕೈ ಮೇಲೆತ್ತಿದರು. ಹೆಬ್ಬೆರಳಿನಿಂದ ಕಿರುಬೆರಳನ್ನು ಮಡಚಿ ಹಿಡಿದು, ನಡುವಿನ ಮೂರು ಬೆರಳುಗಳನ್ನು ನೆಟ್ಟಗೆ ಆಕಾಶಕ್ಕೆ ತೋರಿಸಿದರು. ಕಲ್ಲು ಎಸೆಯಲಿಲ್ಲ, ಬಸ್ಸು ಸುಡಲಿಲ್ಲ. ಆದರೂ ಸೇನೆ ಗಾಬರಿಯಾಯಿತು. ಗುಂಪಾಗಿ ಮೂರು ಬೆರಳು ಎತ್ತಿದವರು, ಇಳಿಸಿ ಎಂದು ಹೇಳಿದ ಮೇಲೂ ಇಳಿಸದಿದ್ದರೆ ಹಿಡಿದು ಒಯ್ಯುತ್ತೇವೆ ಎಂದು ಎಚ್ಚರಿಕೆ ಹೊರಟಿತು.

ಆ ಬೆರಳು ಯಾವ ಪಕ್ಷದ ಗುರುತೂ ಅಲ್ಲ, ಯಾವ ದೇವರ ಮುದ್ರೆಯೂ ಅಲ್ಲ. ಅಮೆರಿಕದ ಸುಜಾನ್ ಕಾಲಿನ್ಸ್ ಎಂಬ ಲೇಖಕಿ ಹದಿಹರೆಯದ ಮಕ್ಕಳಿಗಾಗಿ ಬರೆದು 2008ರಲ್ಲಿ ಪ್ರಕಟಿಸಿದ 'ದಿ ಹಂಗರ್ ಗೇಮ್ಸ್' ಎಂಬ ಕಾದಂಬರಿಯಿಂದ, ಅದರ ಸಿನಿಮಾದ ಮೂಲಕ, ಅದು ಬ್ಯಾಂಕಾಕಿನ ಬೀದಿಗೆ ಇಳಿದು ಬಂದಿತ್ತು. ಬಂದೂಕು ಹಿಡಿದ ಸೈನ್ಯವೊಂದು ಹುಡುಗಿಯರು ಓದುವ ಕಥೆಪುಸ್ತಕಕ್ಕೆ ಹೆದರಿದ ಪ್ರಸಂಗ ಚರಿತ್ರೆಯಲ್ಲಿ ಹೆಚ್ಚು ಇರಲಾರದು. ಇಪ್ಪತ್ತೆಂಟು ವರ್ಷ ಹೈಸ್ಕೂಲಿನಲ್ಲಿ ಚರಿತ್ರೆ ಹೇಳಿಕೊಟ್ಟ ನನಗೆ ಈ ಸುದ್ದಿ ಓದಿದಾಗ ಎದ್ದ ಕುತೂಹಲ ಅಷ್ಟಿಷ್ಟಲ್ಲ.

ನಮ್ಮ ಮನೆಗೆ ಈ ಪುಸ್ತಕ ಬಂದದ್ದು ನನ್ನ ಅಕ್ಕನ ಮಗಳ ಕೈಚೀಲದಲ್ಲಿ. ಬೇಸಿಗೆ ರಜೆಗೆಂದು ಬಂದವಳು ಮೂರು ದಿನ ಮಹಡಿ ಮೆಟ್ಟಿಲ ಮೇಲೇ ಕುಳಿತಿದ್ದಳು. ಊಟಕ್ಕೆ ಕರೆದರೆ "ಇದೊಂದು ಅಧ್ಯಾಯ ಚಿಕ್ಕಮ್ಮ" ಎನ್ನುವಳು. 'ಚಂದಮಾಮ'ದ ಬೇತಾಳನನ್ನು ಓದಿ ಬೆಳೆದ ನಮ್ಮ ಕಾಲದವರಿಗೆ ಊಟ ಬಿಟ್ಟು ಓದುವುದು ಹೊಸದೇನಲ್ಲ. ಅವಳು ಊರಿಗೆ ಹೊರಟಾಗ ಪುಸ್ತಕವನ್ನು ಇಸಿದುಕೊಂಡು ನಾನೂ ಓದಿದೆ.

ಕಥೆ ನಡೆಯುವುದು ಮುಂದೆಂದೋ ಒಂದು ಕಾಲದಲ್ಲಿ. ಇಂದಿನ ಉತ್ತರ ಅಮೆರಿಕ ಹಾಳಾಗಿ, ಆ ಜಾಗದಲ್ಲಿ ಪ್ಯಾನೆಮ್ ಎಂಬ ದೇಶ ಹುಟ್ಟಿಕೊಂಡಿದೆ. ಸುಖದಲ್ಲಿ ತೇಲುವ ರಾಜಧಾನಿ ಒಂದು; ಅದಕ್ಕಾಗಿ ದುಡಿಯುವ ಜಿಲ್ಲೆಗಳು ಹನ್ನೆರಡು. ಒಂದು ಜಿಲ್ಲೆ ಕಲ್ಲಿದ್ದಲು ತೆಗೆಯಬೇಕು, ಒಂದು ಮೀನು ಹಿಡಿಯಬೇಕು, ಒಂದು ಬಟ್ಟೆ ನೇಯಬೇಕು. ಹಿಂದೊಮ್ಮೆ ಈ ಜಿಲ್ಲೆಗಳು ದಂಗೆಯೆದ್ದು ಸೋತಿದ್ದವು. ಆ ತಪ್ಪಿಗೆ ದಂಡವಾಗಿ ಪ್ರತಿ ವರ್ಷ ಪ್ರತಿ ಜಿಲ್ಲೆಯಿಂದ 12ರಿಂದ 18 ವರ್ಷದೊಳಗಿನ ಒಬ್ಬ ಹುಡುಗ, ಒಬ್ಬ ಹುಡುಗಿಯನ್ನು ಚೀಟಿ ಎತ್ತಿ ಆರಿಸುತ್ತಾರೆ. ಆ 24 ಮಕ್ಕಳನ್ನು ಒಂದು ಬಯಲಿಗೆ ಬಿಟ್ಟು, ಒಬ್ಬರು ಉಳಿಯುವ ತನಕ ಹೊಡೆದಾಡಿಸುತ್ತಾರೆ. ದೇಶವೆಲ್ಲ ಅದನ್ನು ಟೀವಿಯಲ್ಲಿ ನೋಡಬೇಕು. ಹೆತ್ತವರೂ ನೋಡಬೇಕು. ಕಣ್ಣು ಮುಚ್ಚಿಕೊಳ್ಳಲು ರಜೆ ಇಲ್ಲ.

ಇದನ್ನು ಕೇಳಿ "ಏನು ಕ್ರೂರವಪ್ಪ! ಮಕ್ಕಳಿಗೆ ಇಂಥದ್ದು ಕೊಡುತ್ತಾರೆಯೇ?" ಎಂದು ನಮ್ಮ ಓದುಗ ಬಳಗದ ಹಿರಿಯರೊಬ್ಬರು ಕೇಳಿದರು. ಅಮೆರಿಕದಲ್ಲೂ ಹೀಗೆ ಕೇಳಿದವರಿದ್ದಾರೆ. ಅಲ್ಲಿನ ಗ್ರಂಥಾಲಯ ಸಂಘ, ಜನರಿಂದ ಹೆಚ್ಚು ಆಕ್ಷೇಪ ಬಂದ ಹತ್ತು ಪುಸ್ತಕಗಳ ಪಟ್ಟಿಯೊಂದನ್ನು ಪ್ರತಿವರ್ಷ ಹೊರಡಿಸುತ್ತದೆ. 2010ರ ಪಟ್ಟಿಯಲ್ಲೂ 2011ರ ಪಟ್ಟಿಯಲ್ಲೂ ಈ ಕಾದಂಬರಿಯ ಹೆಸರಿತ್ತು. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಕಥೆಯಲ್ಲಿನ ಹೊಡೆದಾಟವಲ್ಲ, ಅದರಲ್ಲಿ ಬರುವ ರೇಷನ್ನಿನ ಲೆಕ್ಕ.

ಅದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಮಗುವಿಗೆ 12 ತುಂಬಿದಾಗ ಅದರ ಹೆಸರಿನ ಒಂದು ಚೀಟಿ ಗಾಜಿನ ಬುರುಡೆಗೆ ಬೀಳುತ್ತದೆ. 13ಕ್ಕೆ ಎರಡು, 14ಕ್ಕೆ ಮೂರು, ಹೀಗೆ. ಇದು ಎಲ್ಲರಿಗೂ ಒಂದೇ. ಆದರೆ ಮನೆಯಲ್ಲಿ ಹಸಿವಿದ್ದರೆ ಮಗು ತನ್ನ ಹೆಸರನ್ನು ಇನ್ನೊಂದು ಸಲ ಬರೆಸಿ, ಒಬ್ಬರಿಗೆ ಒಂದು ವರ್ಷಕ್ಕಾಗುವಷ್ಟು ಕಾಳು ಮತ್ತು ಎಣ್ಣೆಯನ್ನು ಪಡೆಯಬಹುದು. ಅದೂ ಅರೆಹೊಟ್ಟೆಗೆ ಮಾತ್ರ ಸಾಲುವಷ್ಟು. ಮನೆಯಲ್ಲಿ ಎಷ್ಟು ಜನರೋ ಅಷ್ಟು ಸಲ ಬರೆಸಬಹುದು. ಕಥಾನಾಯಕಿ ಕ್ಯಾಟ್ನಿಸ್‌ಗೆ 16 ವರ್ಷ. ತನಗೆ, ತಾಯಿಗೆ, ತಂಗಿಗೆ ಎಂದು 12ನೆಯ ವಯಸ್ಸಿನಿಂದ ವರ್ಷಕ್ಕೆ ಮೂರು ಚೀಟಿ ಹೆಚ್ಚಿಗೆ ಬರೆಸಿದ್ದಾಳೆ. ಐದು ವರ್ಷಕ್ಕೆ ಹದಿನೈದು. ವಯಸ್ಸಿನ ಐದು ಸೇರಿ ಇಪ್ಪತ್ತು. ಐದು ಜನರ ಸಂಸಾರ ಸಾಕುವ ಅವಳ ಗೆಳೆಯ ಗೇಲ್‌ನ ಹೆಸರಿನಲ್ಲಿ 42 ಚೀಟಿಗಳಿವೆ. ಊರಿನ ಮೇಯರ್‌ನ ಮಗಳಿಗೆ ರೇಷನ್ನಿನ ಹಂಗಿಲ್ಲ, ಅವಳ ಚೀಟಿಗಳು ಬೆರಳೆಣಿಕೆಯಷ್ಟು.

ಚೀಟಿ ಎತ್ತುವುದೆಂದರೆ ನ್ಯಾಯ, ಅದೃಷ್ಟಕ್ಕೆ ಬಡವ ಬಲ್ಲಿದ ಎಂಬ ಭೇದವಿಲ್ಲ ಎಂದು ನಾವು ನಂಬಿದ್ದೇವಲ್ಲವೇ? ಅದೃಷ್ಟದ ಬುರುಡೆಯಲ್ಲೂ ಬಡವರ ಮಕ್ಕಳ ಹೆಸರೇ ತುಂಬಿರುವಂತೆ ಮಾಡುವುದು ಹೇಗೆ ಎಂಬುದನ್ನು ಈ ಲೇಖಕಿ ಸೇರು ಕಾಳಿನ ಲೆಕ್ಕದಲ್ಲಿ ತೋರಿಸಿಬಿಟ್ಟಿದ್ದಾರೆ. ಯಾರೂ ಬಲವಂತ ಮಾಡಲಿಲ್ಲ, ನೀನೇ ಬಂದು ಬರೆಸಿದೆ ಎಂದು ಆಳುವವರು ಹೇಳಬಹುದು. ಹಾಳೆಗಟ್ಟಲೆ ಅರ್ಥಶಾಸ್ತ್ರ ಓದಿದರೂ ತಲೆಗೆ ಹತ್ತದ ವಿಷಯ ಹದಿಮೂರರ ಹುಡುಗಿಗೆ ಅರೆಗಳಿಗೆಯಲ್ಲಿ ಹತ್ತುತ್ತದೆ.

ಕ್ಯಾಟ್ನಿಸ್ ತನ್ನ ತಂಗಿ ಪ್ರಿಮ್‌ಗೆ ಮಾತ್ರ ಒಂದೂ ಹೆಚ್ಚಿನ ಚೀಟಿ ಬರೆಸಲು ಬಿಟ್ಟಿಲ್ಲ. ಹನ್ನೆರಡರ ಆ ಮಗುವಿನದು ಸಾವಿರಾರು ಚೀಟಿಗಳಲ್ಲಿ ಒಂದೇ ಒಂದು. ಅದೇ ಮೇಲೆ ಬರುತ್ತದೆ. ಅಕ್ಕ ಓಡಿಹೋಗಿ, ಅವಳ ಬದಲು ನಾನು ಹೋಗುತ್ತೇನೆ ಎನ್ನುತ್ತಾಳೆ. ಆಗ ನೆರೆದ ಜನ ಚಪ್ಪಾಳೆ ತಟ್ಟಬೇಕು, ಅದು ಪದ್ಧತಿ. ಯಾರೂ ತಟ್ಟುವುದಿಲ್ಲ. ಬದಲಿಗೆ ಒಬ್ಬೊಬ್ಬರಾಗಿ ಎಡಗೈಯ ನಡುವಿನ ಮೂರು ಬೆರಳನ್ನು ತುಟಿಗೆ ಮುಟ್ಟಿಸಿ ಅವಳತ್ತ ಚಾಚುತ್ತಾರೆ. ಆ ಊರಿನಲ್ಲಿ ಅದೊಂದು ಹಳೆಯ ಸಂಜ್ಞೆ. ಬಳಕೆ ತಪ್ಪಿಹೋಗಿದೆ, ಮಣ್ಣು ಮಾಡುವ ಹೊತ್ತಿನಲ್ಲಿ ಅಪರೂಪಕ್ಕೆ ಕಾಣುತ್ತದೆ. ನಿನಗೆ ಋಣಿ, ನಿನ್ನ ಬಗ್ಗೆ ಮೆಚ್ಚುಗೆಯಿದೆ, ಪ್ರೀತಿಯ ಜೀವವೇ ಹೋಗಿ ಬಾ ಎಂದು ಅದರ ಅರ್ಥ. ಬ್ಯಾಂಕಾಕಿಗೆ ಹೋದದ್ದು ಇದೇ ಸಂಜ್ಞೆ.

ಇಂಥ ಕಥೆ ಕಾಲಿನ್ಸ್ ಅವರಿಗೆ ಹೊಳೆದದ್ದು ಹೇಗೆ? ಅವರು ಹುಟ್ಟಿದ್ದು 1962ರಲ್ಲಿ. ತಂದೆ ವಾಯುಸೇನೆಯಲ್ಲಿದ್ದರು. ಮಗಳಿಗೆ ಆರು ವರ್ಷವಾಗಿದ್ದಾಗ ಅವರನ್ನು ವಿಯೆಟ್ನಾಂ ಯುದ್ಧಕ್ಕೆ ಕಳಿಸಲಾಯಿತು. ಮನೆಯ ಟೀವಿಯಲ್ಲಿ ಯುದ್ಧದ ಚಿತ್ರಗಳು ಬರುತ್ತಿದ್ದವು. ಅಪ್ಪ ಇರುವುದು ಆ ಹೊಗೆಯಲ್ಲೇ ಎಂದು ಮಗುವಿಗೆ ಗೊತ್ತು. ತಂದೆ ಬದುಕಿ ಬಂದರು. ಯುದ್ಧಗಳ ಚರಿತ್ರೆ ಬಲ್ಲವರಾದ ಅವರು ಮಕ್ಕಳನ್ನು ಹಳೆಯ ರಣರಂಗಗಳಿಗೆ ಕರೆದೊಯ್ದು, ಇಲ್ಲಿ ಏನಾಯಿತು, ಏಕಾಯಿತು ಎಂದು ಹೇಳುತ್ತಿದ್ದರಂತೆ. 1930ರ ದಶಕದ ಮಹಾ ಆರ್ಥಿಕ ಕುಸಿತದಲ್ಲಿ ಬೆಳೆದವರು ಅವರು. ಆ ಮನೆಯಲ್ಲಿ ಬೇಟೆ ಮೋಜಿಗಲ್ಲ, ಅಡಿಗೆಗೆ. ಕಾಡಿನಿಂದ ಅಣಬೆ ಆರಿಸಿ ತಂದು ಹುರಿದು ತಾವು ತಿನ್ನುತ್ತಿದ್ದರು. ತಾಯಿ ಮಾತ್ರ ಮಕ್ಕಳನ್ನು ಅದರ ಹತ್ತಿರ ಸುಳಿಯಗೊಡುತ್ತಿರಲಿಲ್ಲ ಎಂದು ಕಾಲಿನ್ಸ್ ನೆನೆಸಿಕೊಂಡಿದ್ದಾರೆ. ನಾಯಕಿಯ ಹೆಸರಾದ ಕ್ಯಾಟ್ನಿಸ್ ಎಂಬುದೂ ನೀರಿನಲ್ಲಿ ಬೆಳೆಯುವ, ಗಡ್ಡೆ ತಿನ್ನಬಹುದಾದ ಒಂದು ಗಿಡದ ಹೆಸರು. ಹಸಿವನ್ನು ಕಂಡವರ ಮನೆಯ ಕಥೆ ಇದು ಎಂಬುದರಲ್ಲಿ ಅನುಮಾನವಿಲ್ಲ.

ಆಮೇಲೆ ಒಂದು ರಾತ್ರಿ ಟೀವಿಯ ಚಾನೆಲ್ ಬದಲಿಸುತ್ತಿದ್ದಾಗ ಒಂದರಲ್ಲಿ ಬಹುಮಾನಕ್ಕಾಗಿ ಪೈಪೋಟಿ ನಡೆಸುವ ಹುಡುಗ ಹುಡುಗಿಯರು, ಇನ್ನೊಂದರಲ್ಲಿ ಇರಾಕ್ ಯುದ್ಧದ ಸೈನಿಕರು ಕಂಡರಂತೆ. ನಿದ್ದೆಗಣ್ಣಿನಲ್ಲಿ ಎರಡೂ ಕಲಸಿಕೊಂಡವು. ಕಾದಂಬರಿಯ ಹುಟ್ಟಿಗೆ ಅವರು ಕೊಡುವ ಒಂದು ಕಾರಣ ಇದು. ಇನ್ನೊಂದು ಕಾರಣ ಇದಕ್ಕಿಂತ ಬಹಳ ಹಳೆಯದು. ಕ್ರೀಟ್ ದ್ವೀಪದ ಅರಸ ಮಿನೋಸ್‌ಗೆ ಸೋತ ಅಥೆನ್ಸ್ ಪಟ್ಟಣ, ಕಾಲಕಾಲಕ್ಕೆ ಏಳು ಹುಡುಗರು ಏಳು ಹುಡುಗಿಯರನ್ನು ಅಲ್ಲಿನ ಗೂಳಿಮುಖದ ರಾಕ್ಷಸನಿಗೆ ಆಹಾರವಾಗಿ ಕಳಿಸಬೇಕಿತ್ತೆಂದು ಗ್ರೀಕ್ ಪುರಾಣ ಹೇಳುತ್ತದೆ. ಬಾಲ್ಯದಲ್ಲಿ ಇದನ್ನು ಓದಿದ ಕಾಲಿನ್ಸ್, ದೊಡ್ಡವರ ಮೇಲಿನ ಸೇಡಿಗೆ ಮಕ್ಕಳನ್ನು ಕೊಲ್ಲುವ ಆ ಕ್ರೌರ್ಯವನ್ನು ಮರೆಯಲಿಲ್ಲ.

ಇಲ್ಲಿಗೆ ಬಂದಾಗ ನಮಗೆ ಏಕಚಕ್ರನಗರ ನೆನಪಾಗದೆ ಇರುತ್ತದೆಯೇ? ಬಕಾಸುರನಿಗೆ ಸರದಿಯ ಮೇಲೆ ಮನೆಗೊಂದು ಬಂಡಿ ಅನ್ನ, ಎರಡು ಕೋಣ, ಜೊತೆಗೆ ಒಯ್ದವನೂ ಆಹಾರ. ನಾವು ಈ ಕಥೆಯನ್ನು ಭೀಮನ ಊಟದ ತಮಾಷೆಯಾಗಿ ಮಕ್ಕಳಿಗೆ ಹೇಳುತ್ತೇವೆ. ವ್ಯಾಸಭಾರತದಲ್ಲಿ ಭೀಮ ಬರುವ ಮುನ್ನ ಆ ಬ್ರಾಹ್ಮಣನ ಮನೆಯೊಳಗೆ ನಡೆಯುವ ಮಾತನ್ನು ಕೇಳಿಸಿಕೊಂಡರೆ ನಗು ಬಾರದು. ನಾನು ಹೋಗುತ್ತೇನೆ ಎಂದು ಗಂಡ. ಇಲ್ಲ, ನಾನು ಎಂದು ಹೆಂಡತಿ. ಆಗ ಮಗಳು ಹೇಳುತ್ತಾಳೆ: ಹೆಣ್ಣುಮಗಳನ್ನು ಎಂದಿದ್ದರೂ ಒಂದು ದಿನ ಬಿಟ್ಟುಕೊಡಲೇಬೇಕು, ಈಗಲೇ ಬಿಟ್ಟುಕೊಟ್ಟು ಎಲ್ಲರೂ ಉಳಿದುಕೊಳ್ಳಿ. ಎಂಥ ತರ್ಕ! ಅವಳ ಪುಟ್ಟ ತಮ್ಮ ಒಂದು ಹುಲ್ಲುಕಡ್ಡಿ ಹಿಡಿದು, ಇದರಿಂದ ರಾಕ್ಷಸನನ್ನು ಕೊಲ್ಲುತ್ತೇನೆ ಎಂದು ತೊದಲುತ್ತಾನೆ. ಆ ನಾಡಿಗೆ ಅರಸನೊಬ್ಬನಿದ್ದ ಎಂಬುದನ್ನೂ ಮರೆಯಬಾರದು. ಅವನು ಏನೂ ಮಾಡಲಿಲ್ಲ.

ನಮ್ಮ ಜನಪದರ 'ಕೆರೆಗೆ ಹಾರ'ವಂತೂ ಇನ್ನೂ ಹತ್ತಿರದ್ದು. ಕೆರೆಗೆ ನೀರು ಬರಬೇಕು, ಒಬ್ಬ ಸೊಸೆ ಹೋಗಬೇಕು. ಯಾರನ್ನು ಕೊಟ್ಟರೆ ಮನೆಗೆ ನಷ್ಟ ಕಡಿಮೆ ಎಂದು ಹಿರಿಯರು ಎಣಿಸಿ ಕಿರಿಯಳಾದ ಭಾಗೀರಥಿಯಲ್ಲಿಗೆ ಬಂದು ನಿಲ್ಲುತ್ತಾರೆ. ಹಾಡುವ ಹೆಂಗಸರಿಗೆ ಆ ಲೆಕ್ಕ ಗೊತ್ತಿತ್ತು. ಅಮೆರಿಕದವರ ಹಾಗೆ ಅದನ್ನು ಮುಂದಿನ ಶತಮಾನಕ್ಕೆ ಒಯ್ದು ಹೇಳುವ ಅಗತ್ಯ ಅವರಿಗೆ ಕಾಣಲಿಲ್ಲ, ಅಷ್ಟೆ.

ಈ ಬಗೆಯ ಕಾದಂಬರಿಗೆ ಇಂಗ್ಲಿಷಿನವರು 'ಡಿಸ್ಟೋಪಿಯಾ' ಎನ್ನುತ್ತಾರೆ. ನಾನು ಅದನ್ನು ಕೇಡುನಾಡು ಎಂದು ಕರೆದುಕೊಳ್ಳುತ್ತೇನೆ. ಸುಖದ ಕನಸಿನ ನಾಡಿಗೆ 'ಯುಟೋಪಿಯಾ' ಎಂದು ಥಾಮಸ್ ಮೋರ್ ಹೆಸರಿಟ್ಟದ್ದು 1516ರಲ್ಲಿ. ಅದರ ತಿರುಗುಮುರುಗಾದ ಪದವನ್ನು 1868ರಲ್ಲಿ ಬ್ರಿಟಿಷ್ ಪಾರ್ಲಿಮೆಂಟಿನಲ್ಲಿ ಬಳಸಿದವರು ಜಾನ್ ಸ್ಟುವರ್ಟ್ ಮಿಲ್. ಐರ್ಲೆಂಡನ್ನು ಆಳುವ ರೀತಿಯನ್ನು ಟೀಕಿಸುತ್ತ. ಆಮೇಲೆ ಬಂದ ದೊಡ್ಡ ಕೃತಿಗಳು ಮೂರು. ರಷ್ಯದ ಝಮ್ಯಾಟಿನ್ ಬರೆದ 'ವಿ' ಮೊದಲು ಅಚ್ಚಾದದ್ದು 1924ರಲ್ಲಿ, ನ್ಯೂಯಾರ್ಕಿನಲ್ಲಿ, ಇಂಗ್ಲಿಷಿನಲ್ಲಿ. ಅವರ ಸ್ವಂತ ನಾಡಿನಲ್ಲಿ ಅದು ಬೆಳಕು ಕಂಡದ್ದು 1988ಕ್ಕೆ. ಹಕ್ಸ್‌ಲಿಯವರ 'ಬ್ರೇವ್ ನ್ಯೂ ವರ್ಲ್ಡ್' 1932ರದು, ಆರ್ವೆಲ್ಲರ '1984' ಪ್ರಕಟವಾದದ್ದು 1949ರಲ್ಲಿ. ಮೂರರಲ್ಲೂ ವ್ಯವಸ್ಥೆಗೆ ಸಿಕ್ಕಿ ಒದ್ದಾಡುವವನು ಬೆಳೆದ ಗಂಡಸು. ಮೂರರಲ್ಲೂ ಅವನು ಸೋಲುತ್ತಾನೆ. ಹೆಣ್ಣು ಬರುತ್ತಾಳೆ, ಅವನನ್ನು ಎಚ್ಚರಿಸುತ್ತಾಳೆ ಅಥವಾ ಕೆಡಿಸುತ್ತಾಳೆ, ಹೋಗುತ್ತಾಳೆ.

ಹೆಂಗಸರು ಈ ಕಡೆಗೆ ಕೈ ಹಾಕಿರಲಿಲ್ಲವೆಂದಲ್ಲ. 1905ರಲ್ಲಿ ಬಂಗಾಳದ ರೊಕೆಯಾ ಸಖಾವತ್ ಹುಸೇನ್ ಇಂಗ್ಲಿಷಿನಲ್ಲಿ 'ಸುಲ್ತಾನಾಳ ಕನಸು' ಬರೆದರು. ಅದು ಅಚ್ಚಾದದ್ದು ಮದರಾಸಿನಿಂದ ಹೊರಡುತ್ತಿದ್ದ 'ಇಂಡಿಯನ್ ಲೇಡೀಸ್ ಮ್ಯಾಗಜೀನ್' ಎಂಬ ಮಹಿಳಾ ಪತ್ರಿಕೆಯಲ್ಲಿ. ಅಲ್ಲಿ ಗಂಡಸರು ಪರದೆಯೊಳಗೆ, ಹೆಂಗಸರು ರಾಜ್ಯದ ಆಡಳಿತದಲ್ಲಿ. ಅಡಿಗೆಗೆ ಸೂರ್ಯನ ಶಾಖ! ನಮ್ಮ ಅಜ್ಜಿಯಂದಿರು ಸೌದೆ ಒಲೆ ಊದುತ್ತಿದ್ದ ಕಾಲದಲ್ಲಿ ಹೊಗೆಯಿಲ್ಲದ ಅಡಿಗೆಮನೆಯ ಕನಸು ಕಂಡ ಈ ಮಹಾತಾಯಿಯನ್ನು ನೆನೆಯದೆ ಮುಂದೆ ಹೋಗಲು ನನಗೆ ಮನಸ್ಸು ಬಾರದು. ಆದರೆ ಅದು ಸುಖದ ನಾಡು, ಕೇಡುನಾಡಲ್ಲ.

ಕೇಡುನಾಡನ್ನು ಮಕ್ಕಳ ಕೈಗಿಟ್ಟವರಲ್ಲಿ ಎಲ್ಲರೂ ನೆನೆಯುವ ಹೆಸರು ಲೂಯಿಸ್ ಲೌರಿ. ಅವರ 'ದಿ ಗಿವರ್' ಬಂದದ್ದು 1993ರಲ್ಲಿ. ಮಾರನೆಯ ವರ್ಷವೇ ಅಮೆರಿಕದ ಮಕ್ಕಳ ಸಾಹಿತ್ಯದ ದೊಡ್ಡ ಗೌರವವಾದ ನ್ಯೂಬೆರಿ ಪದಕ ಬಂತು. ಅಲ್ಲಿನ ಊರಿನಲ್ಲಿ ಹಸಿವಿಲ್ಲ, ಜಗಳವಿಲ್ಲ, ನೋವಿಲ್ಲ. ಬಣ್ಣವೂ ಇಲ್ಲ, ಹಳೆಯ ನೆನಪೂ ಇಲ್ಲ. ಮಕ್ಕಳನ್ನು ಹೆರುವುದಕ್ಕೆಂದೇ ಕೆಲವು ಹುಡುಗಿಯರನ್ನು ನೇಮಿಸುತ್ತಾರೆ. ಮೂರು ಹೆರಿಗೆ, ಆಮೇಲೆ ಉಳಿದ ಆಯುಷ್ಯವೆಲ್ಲ ಕೂಲಿ ಕೆಲಸ. ಅವಳಿ ಹುಟ್ಟಿದರೆ ತೂಕ ಕಡಿಮೆಯಿರುವ ಮಗುವನ್ನು 'ಬಿಡುಗಡೆ' ಮಾಡುತ್ತಾರೆ. ಬಿಡುಗಡೆಯೆಂದರೆ ಏನೆಂದು ಹನ್ನೆರಡು ವರ್ಷದ ಜೋನಸ್ ಕಣ್ಣಾರೆ ಕಾಣುತ್ತಾನೆ. ಅಕ್ಕರೆಯ ಮನುಷ್ಯನಾದ ಅವನ ಅಪ್ಪ, ಮಗುವಿನೊಡನೆ ಮುದ್ದುಮಾತಾಡುತ್ತಲೇ ಅದರ ತಲೆಗೆ ಸೂಜಿ ಚುಚ್ಚುತ್ತಾನೆ. ಅವನು ದುಷ್ಟನಲ್ಲ. ಅವನಿಗೆ ಅದು ಬೇರೆ ಏನೆಂದೂ ಗೊತ್ತಿಲ್ಲ. ಆ ಪುಟ ಓದಿ ನಾನು ಪುಸ್ತಕ ಮಡಚಿಟ್ಟು ಸ್ವಲ್ಪ ಹೊತ್ತು ಅಂಗಳದಲ್ಲಿ ಓಡಾಡಿಬಂದೆ.

ಈ ಕಥೆಯ ಹಿಂದೆಯೂ ಒಬ್ಬ ತಂದೆಯಿದ್ದಾರೆ. ಲೌರಿಯವರ ಅಪ್ಪ ಮುಪ್ಪಿನಲ್ಲಿ ನೆನಪು ಕಳೆದುಕೊಳ್ಳುತ್ತಿದ್ದರು. ಗೋಡೆಯ ಮೇಲಿನ ಚಿತ್ರ ನೋಡಿ ಇವಳು ನಿನ್ನ ಅಕ್ಕ ಎಂದು ಗುರುತಿಸಿದರು. ಅವಳಿಗೆ ಏನಾಯಿತೆಂಬುದು ಮಾತ್ರ ಅವರಿಗೆ ನೆನಪಿರಲಿಲ್ಲ. ಆ ಅಕ್ಕ ಚಿಕ್ಕ ವಯಸ್ಸಿಗೇ ಕ್ಯಾನ್ಸರಿನಿಂದ ತೀರಿಕೊಂಡಿದ್ದಳು. ದುಃಖ ಮರೆತವರ ಮುಖದಲ್ಲಿನ ನೆಮ್ಮದಿಯನ್ನು ಕಂಡು ಲೌರಿಯವರಿಗೆ ಸಮಾಧಾನವೂ ಆಯಿತು, ಭಯವೂ ಆಯಿತು. ಹೀಗೆ ಮರೆಯುವುದು ಕ್ಷೇಮವೇ ಎಂಬ ಆ ಪ್ರಶ್ನೆಯನ್ನು ಪದಕ ಸ್ವೀಕರಿಸಿದ ಭಾಷಣದಲ್ಲೇ ಹೇಳಿಕೊಂಡಿದ್ದಾರೆ.

ಹೀಗೆ ದಾರಿ ಬಿದ್ದ ಮೇಲೆ ಕಾಲಿನ್ಸ್ ಬಂದರು, ಅವರ ಹಿಂದೆ ಇನ್ನೂ ಅನೇಕರು. 2008ರಿಂದ 2010ರವರೆಗೆ ಬಂದ 'ಹಂಗರ್ ಗೇಮ್ಸ್'ನ ಮೂರು ಭಾಗಗಳೂ, ಮುಂದೆ ಸೇರಿದ ಇನ್ನೆರಡೂ ಕೂಡಿ ಹತ್ತು ಕೋಟಿಗೂ ಹೆಚ್ಚು ಪ್ರತಿ ಮಾರಾಟವಾದವು. 2012ರಿಂದ ಸಿನಿಮಾಗಳಾದವು. ಹಣ ಬಂದ ಮೇಲೆ ಬರಬೇಕಾದದ್ದೂ ಬಂತು. ರಾಜಧಾನಿಯ ಜನ ಮುಖಕ್ಕೆ ಬಣ್ಣ ಬಳಿದುಕೊಂಡು ಮಕ್ಕಳ ಸಾವನ್ನು ನೋಡಿ ನಲಿಯುತ್ತಾರೆ ಎಂದು ಪುಸ್ತಕ ಹಂಗಿಸಿದರೆ, 2013ರಲ್ಲಿ ಕವರ್‌ಗರ್ಲ್ ಕಂಪೆನಿ ಅದೇ ರಾಜಧಾನಿಯ ಹೆಸರಿನಲ್ಲಿ ಪ್ರಸಾಧನ ಸಾಮಗ್ರಿ ಮಾರಿತು. ಇದನ್ನು ಕಾದಂಬರಿಯೊಳಗೆ ಬರೆದಿದ್ದರೆ ಅತಿಯಾಯಿತು ಎನ್ನುತ್ತಿದ್ದೆವು.

ಪುಸ್ತಕದಲ್ಲಿ ನನಗೆ ಒಪ್ಪದ್ದೂ ಉಂಟು. ಗಂಡ ಗಣಿಯ ಸ್ಫೋಟದಲ್ಲಿ ಸತ್ತಾಗ ಕ್ಯಾಟ್ನಿಸ್‌ಳ ತಾಯಿ ಮಾತು ಬಿಟ್ಟು ಮೂಲೆ ಹಿಡಿಯುತ್ತಾಳೆ. ಹನ್ನೊಂದರ ಮಗಳು ಮನೆ ನಡೆಸಬೇಕಾಗುತ್ತದೆ. ಮಗಳಿಗೆ ತಾಯಿಯ ಮೇಲೆ ಕೋಪ, ಅದು ಸಹಜ. ಆದರೆ ಆ ತಾಯಿಯ ಒಳಗೆ ಏನಾಯಿತೆಂದು ನೋಡಲು ಲೇಖಕಿಗೂ ಪುರುಸೊತ್ತಿದ್ದಂತಿಲ್ಲ. ಕಥೆ ಹೇಳುವವಳು ಮಗಳು ನಿಜ. ಆದರೂ ಎರಡು ಪುಟ ಸಿಗಬಹುದಿತ್ತು.

ಇರಲಿ, ಥಾಯ್ಲೆಂಡಿಗೆ ಮರಳೋಣ. ಅದೇ 2014ರ ನವೆಂಬರಿನಲ್ಲಿ ಖೋನ್ ಕೇನ್ ಎಂಬಲ್ಲಿ ಪ್ರಯುತ್ ಭಾಷಣ ಮಾಡುತ್ತಿದ್ದಾಗ ಐವರು ವಿದ್ಯಾರ್ಥಿಗಳು ವೇದಿಕೆಯ ಎದುರು ಎದ್ದು ನಿಂತು ಮೂರು ಬೆರಳೆತ್ತಿದರು. ಸೇನಾ ಆಡಳಿತ ಬೇಡ ಎಂಬ ಮಾತಿನ ಒಂದೊಂದು ತುಣುಕು ಒಬ್ಬೊಬ್ಬರ ಅಂಗಿಯ ಮೇಲಿತ್ತು. ಐವರನ್ನೂ ಎಳೆದೊಯ್ದರು. ಮರುದಿನ ಬ್ಯಾಂಕಾಕಿನಲ್ಲಿ ಮೂರನೆಯ ಸಿನಿಮಾದ ಬಿಡುಗಡೆ. ಥಿಯೇಟರೊಂದು ಹೆದರಿ ಪ್ರದರ್ಶನವನ್ನೇ ರದ್ದು ಮಾಡಿತು. ಇನ್ನೊಂದರ ಹೊರಗೆ ಮೂರು ಬೆರಳೆತ್ತಿ ನಿಂತ ವಿದ್ಯಾರ್ಥಿನಿಯನ್ನು ಪೊಲೀಸರು ಹಿಡಿದರು. ಪುಸ್ತಕದ ಎರಡನೆಯ ಭಾಗದಲ್ಲಿ, ಗುಂಪಿನ ನಡುವೆ ಈ ಸಂಜ್ಞೆಗೆ ಮೊದಲಾದ ಮುದುಕನೊಬ್ಬನನ್ನು ಸೈನಿಕರು ಎಲ್ಲರೆದುರು ಕೊಲ್ಲುತ್ತಾರೆ. ಅದನ್ನು ಓದಿದ್ದ ಮಕ್ಕಳಿಗೆ ತಾವೇನು ಮಾಡುತ್ತಿದ್ದೇವೆಂದು ಚೆನ್ನಾಗಿ ಗೊತ್ತಿತ್ತು.

ಆರು ವರ್ಷ ಕಳೆಯಿತು. 2020ರ ಆಗಸ್ಟಿನಲ್ಲಿ ಥಾಯ್ಲೆಂಡಿನ ಅನೇಕ ಶಾಲೆಗಳಲ್ಲಿ ಬೆಳಗಿನ ರಾಷ್ಟ್ರಗೀತೆಯ ಹೊತ್ತಿಗೆ, ಸಮವಸ್ತ್ರ ತೊಟ್ಟ ಮಕ್ಕಳು ಸಾಲಿನಲ್ಲಿ ನಿಂತೇ ಮೂರು ಬೆರಳೆತ್ತಿದರು. ಕೈಗೆ, ಜಡೆಗೆ ಬಿಳಿಯ ರಿಬ್ಬನ್. ಪ್ರಜಾಪ್ರಭುತ್ವ ಬೇಕು ಎಂಬುದರ ಜೊತೆಗೆ ಅವರ ಇನ್ನೊಂದು ದೂರು ಕೂದಲಿನದು. ಹುಡುಗಿಯರ ಕೂದಲು ಕಿವಿಯಿಂದ ಕೆಳಗೆ ಇಳಿಯಬಾರದೆಂಬ ಹಳೆಯ ಕಟ್ಟಳೆಯನ್ನು ಎಷ್ಟೋ ಶಾಲೆಗಳು ಬಿಟ್ಟಿರಲಿಲ್ಲ. ಮೀರಿದರೆ ಶಿಕ್ಷಕರೇ ಕತ್ತರಿ ಹಿಡಿಯುತ್ತಿದ್ದರು. ವರ್ಷಗಟ್ಟಲೆ ಪ್ರಾರ್ಥನೆಯ ಸಾಲಿನ ಎದುರು ನಿಂತು ಮಕ್ಕಳ ಉಗುರು, ಜಡೆ ನೋಡಿದವಳು ನಾನು. ಐನೂರು ಮಕ್ಕಳು ಒಟ್ಟಿಗೆ ಕೈಯೆತ್ತಿದ್ದರೆ ನನ್ನ ಮುಖ ಹೇಗಿರುತ್ತಿತ್ತು ಎಂದು ಊಹಿಸಿಕೊಂಡೆ.

ಅಲ್ಲಿಂದ ಈ ಬೆರಳು ಗಡಿ ದಾಟಿತು. 2021ರ ಫೆಬ್ರವರಿ 1ರಂದು ಮ್ಯಾನ್ಮಾರಿನಲ್ಲಿ, ನಮ್ಮ ಹಿರಿಯರು ಬರ್ಮಾ ಎನ್ನುತ್ತಿದ್ದ ನಾಡಿನಲ್ಲಿ, ಸೈನ್ಯ ಅಧಿಕಾರ ಕಿತ್ತುಕೊಂಡಿತು. ಮೊದಲು ಮೂರು ಬೆರಳೆತ್ತಿದವರಲ್ಲಿ ಆಸ್ಪತ್ರೆಗಳ ದಾದಿಯರು, ವೈದ್ಯರು ಇದ್ದರು. ಎದೆಗೆ ಕೆಂಪು ರಿಬ್ಬನ್ ಚುಚ್ಚಿಕೊಂಡು ಕೆಲಸ ನಿಲ್ಲಿಸಿದರು. ರಾತ್ರಿ ಎಂಟಾದರೆ ಮನೆಮನೆಯಲ್ಲೂ ಹೆಂಗಸರು ಪಾತ್ರೆ ಬಡಿಯುತ್ತಿದ್ದರು. ದೆವ್ವ ಓಡಿಸುವ ಪದ್ಧತಿ ಅದು. ಫೆಬ್ರವರಿ 26ರಂದು ವಿಶ್ವಸಂಸ್ಥೆಯಲ್ಲಿ ಆ ದೇಶದ ರಾಯಭಾರಿ ಕ್ಯಾ ಮೋ ಟುನ್, ತಮ್ಮದೇ ದೇಶದ ಸೇನಾ ಆಡಳಿತವನ್ನು ಖಂಡಿಸಿ ಮಾತಾಡಿ, ಕೊನೆಗೆ ಮೂರು ಬೆರಳೆತ್ತಿದರು. ಮರುದಿನ ಸೇನಾ ಆಡಳಿತ ಅವರನ್ನು ಕೆಲಸದಿಂದ ತೆಗೆದುಹಾಕಿತು.

ಹುಡುಗಿಯರು ಕಥೆಯಿಂದ ಬೆರಳು ತಂದರೆ, ಅಲ್ಲಿನ ಅಮ್ಮ ಅಜ್ಜಿಯರು ತಮ್ಮ ಪೆಟ್ಟಿಗೆಯಿಂದಲೇ ಒಂದು ಉಪಾಯ ತೆಗೆದರು. ಹೆಂಗಸರು ಸೊಂಟಕ್ಕೆ ಸುತ್ತುವ ಬಟ್ಟೆಯ ಅಡಿಯಲ್ಲಿ ಹಾದರೆ ಗಂಡಸಿನ ಪುಣ್ಯಬಲ ಹೋಗುತ್ತದೆಂದು ಅಲ್ಲೊಂದು ನಂಬಿಕೆ. ನಮ್ಮ ಮಡಿ ಮೈಲಿಗೆಯ ದೂರದ ನೆಂಟನಂತಿದೆ! ಹೆಂಗಸರು ಬೀದಿಗೆ ಅಡ್ಡಲಾಗಿ ಹಗ್ಗ ಕಟ್ಟಿ ಆ ಬಟ್ಟೆಗಳನ್ನು ಸಾಲಾಗಿ ಒಣಹಾಕಿದರು. ಬಂದೂಕು ಹಿಡಿದ ಸೈನಿಕರು ಅಲ್ಲೇ ನಿಂತು, ಮೊದಲು ಹಗ್ಗ ಬಿಚ್ಚಿ, ಆಮೇಲೆ ಮುಂದೆ ಬರಬೇಕಾಯಿತು. ಶತಮಾನಗಳಿಂದ ತಮ್ಮನ್ನು ಕೀಳು ಮಾಡಿದ್ದ ನಂಬಿಕೆಯನ್ನೇ ಅವರು ಬೇಲಿ ಮಾಡಿಕೊಂಡರು. ಎರಡು ನಿಮಿಷದ ಬೇಲಿ ಇರಬಹುದು. ಓಡುವ ಮಕ್ಕಳಿಗೆ ಎರಡು ನಿಮಿಷ ಕಡಿಮೆಯೇನಲ್ಲ.

ಎಲ್ಲರೂ ಓಡಿ ಪಾರಾಗಲಿಲ್ಲ. ರಾಜಧಾನಿಯಲ್ಲಿ ದಿನಸಿ ಅಂಗಡಿಯ ಕೆಲಸದ ಹುಡುಗಿಯೊಬ್ಬಳಿಗೆ ಫೆಬ್ರವರಿ 9ರಂದು ತಲೆಗೆ ಗುಂಡು ಬಿತ್ತು. ಎಚ್ಚರವಿಲ್ಲದೆ ಆಸ್ಪತ್ರೆಯಲ್ಲಿ ಮಲಗಿದ್ದಾಗಲೇ ಅವಳಿಗೆ 20 ತುಂಬಿತು, 19ರಂದು ತೀರಿಕೊಂಡಳು. ಮಾರ್ಚ್ 3ರಂದು ಮಾಂಡಲೆಯಲ್ಲಿ ಇನ್ನೊಬ್ಬಳು, 19ರ ಹರೆಯದವಳು. ನೃತ್ಯ ಕಲಿತವಳು, ಟೈಕ್ವಾಂಡೊ ಬಲ್ಲವಳು. ಹಿಂದಿನ ನವೆಂಬರಿನಲ್ಲಿ ಮೊದಲ ಸಲ ಮತ ಹಾಕಿ, ಶಾಯಿ ಹತ್ತಿದ ಬೆರಳಿಗೆ ಮುತ್ತಿಟ್ಟು ಫೋಟೋ ತೆಗೆಸಿಕೊಂಡಿದ್ದಳು. ಮೆರವಣಿಗೆಗೆ ಹೊರಡುವಾಗ ತನ್ನ ರಕ್ತದ ಗುಂಪು ಯಾವುದೆಂದೂ, ಸತ್ತರೆ ಅಂಗಗಳನ್ನು ದಾನ ಮಾಡಬೇಕೆಂದೂ ಬರೆದಿಟ್ಟಿದ್ದಳು. ಎಲ್ಲ ಸರಿಹೋಗುತ್ತದೆ ಎಂದು ಅವಳ ಅಂಗಿಯ ಮೇಲೆ ಇಂಗ್ಲಿಷಿನಲ್ಲಿ ಅಚ್ಚಾಗಿತ್ತು. ಗುಂಡು ತಲೆಗೆ ತಗುಲಿತು.

ಮರುದಿನ ಅವಳ ಶವಯಾತ್ರೆಗೆ ಮಾಂಡಲೆಯ ಬೀದಿಗಳಲ್ಲಿ ಜನ ಕಿಕ್ಕಿರಿದರು. ಶವಪೆಟ್ಟಿಗೆ ಹಾದುಹೋಗುವಾಗ ದಾರಿಯುದ್ದಕ್ಕೂ ಮೂರು ಬೆರಳುಗಳು ಮೇಲೆದ್ದವು. ನಿನಗೆ ಋಣಿ, ಮೆಚ್ಚಿದೆವು, ಹೋಗಿ ಬಾ. ಕಾದಂಬರಿಯ ಮೊದಲ ಅಧ್ಯಾಯಗಳಲ್ಲಿ ಆ ಕಲ್ಲಿದ್ದಲ ಊರಿನವರು ಅದನ್ನು ಯಾವ ಹೊತ್ತಿಗೆ ಬಳಸುತ್ತಿದ್ದರೋ ಆ ಹೊತ್ತಿಗೇ ಅದು ಬಂದು ನಿಂತಿತ್ತು.

ಅದರ ಮಾರನೆಯ ಸಂಜೆ ಸೈನಿಕರು ಸ್ಮಶಾನಕ್ಕೆ ಬಂದು, ಗೋರಿ ಅಗೆಸಿ ಶವವನ್ನು ಹೊರತೆಗೆಸಿ ಪರೀಕ್ಷೆ ಮಾಡಿಸಿದರು. ಗುಂಡು ನಮ್ಮದಲ್ಲ ಎಂದು ಹೇಳಿಕೆ ಕೊಟ್ಟರು. ಆಮೇಲೆ ಗೋರಿಯ ಮೇಲೆ ಸಿಮೆಂಟ್ ಸುರಿದು ಹೋದರು. ಬೆಳಗ್ಗೆ ಬಂದವರಿಗೆ ಅಲ್ಲಿ ಕಂಡದ್ದು ಇನ್ನೂ ಹಸಿಯಾಗಿದ್ದ ಆ ಸಿಮೆಂಟು.